ಲೆಕ್ಕದ ನಾಣ್ಯದ ವ್ಯಾಪಾರ: ಫಿನ್ಲೆಂಡಿಗೆ ಲಾಭವೋ ನಷ್ಟವೋ?

(ಕೊಟ್ಟೂರಿನಲ್ಲಿ ಮಾಡಿದ ಭಾಷಣ)



ಒಂದೇ ನುಡಿಯ ಜನರ ನಡುವೆ ಎರಡು ನಾಣ್ಯಗಳು ಸಂಚರಿಸಿದರೆ ವ್ಯಾಪಾರದ ಗತಿ ಏನಾಗುವುದೆಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಬಂದು ಹೇಳಬೇಕಾದುದಿಲ್ಲ. 1948ರವರೆಗೆ ತುಂಗಭದ್ರೆಯ ಆಚೆಯ ಕೊಪ್ಪಳವು ನಿಜಾಮರ ಸಂಸ್ಥಾನದಲ್ಲಿದ್ದಿತು. ಅಲ್ಲಿ ಹಾಲಿ ಸಿಕ್ಕ. ಈಚೆಗೆ ಬಳ್ಳಾರಿ ಜಿಲ್ಲೆ. ಇಲ್ಲಿ ಕಲ್ದಾರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ ಎಂಬುದು ಲೆಕ್ಕ. ವಟ್ಟದ ಬಾಧೆಯಿದ್ದರೂ ಹಾಲಿಯನ್ನು ಮುರಿಸಿ ಕಲ್ದಾರ ಪಡೆಯಬಹುದಾಗಿತ್ತು. ನಾನಿಂದು ಹೇಳಹೊರಟ ನಾಣ್ಯವನ್ನಾದರೋ ಮುರಿಸಲಿಕ್ಕೂ ಬರುತ್ತಿರಲಿಲ್ಲ, ಕೈಯಲ್ಲಿ ಹಿಡಿಯಲಿಕ್ಕೂ ಬರುತ್ತಿರಲಿಲ್ಲ. ಅದು ಖಾತೆಯ ಪುಟದಲ್ಲಿ ಮಾತ್ರವೇ ಇದ್ದಿತು.

ಫಿನ್ಲೆಂಡು 1950ರ ಸುಮಾರಿಗೆ 40 ಲಕ್ಷ ಜನರ ದೇಶ. ನೆರೆಯವನು ಸೋವಿಯತ್ ರಷ್ಯ. ಯುದ್ಧದಲ್ಲಿ ಸೋತ ಫಿನ್ಲೆಂಡು ದಂಡವಾಗಿ 1952ರವರೆಗೆ ಹಡಗುಗಳನ್ನೂ ಯಂತ್ರಗಳನ್ನೂ ತೆತ್ತಿತು. ದಂಡ ತೆರಲೆಂದು ಎದ್ದ ಕಾರ್ಖಾನೆಗಳೇ ಮುಂದೆ ಅದೇ ನೆರೆಯವನಿಗೆ ಮಾರತೊಡಗಿದುವು. 1951ರಿಂದ ಐದೈದು ವರ್ಷಗಳ ಕರಾರು ನಡೆಯಿತು. ಅತ್ತಣಿಂದ ಎಣ್ಣೆ, ಇತ್ತಣಿಂದ ಹಡಗು, ಕಾಗದ, ಬಟ್ಟೆ, ಪಾದರಕ್ಷೆ. ಬೆಲೆಯನ್ನು ರೂಬಲ್ಲಿನಲ್ಲಿ ಬರೆದು, ಒಂದಕ್ಕೊಂದನ್ನು ವಜಾ ಹಾಕುವರು. ಉಳಿದ ಬಾಕಿಯಿಂದ ಬೇರೆ ದೇಶದಲ್ಲಿ ಒಂದು ಮೊಳೆಯನ್ನೂ ಕೊಳ್ಳುವಂತಿರಲಿಲ್ಲ.

ಇದರಿಂದ ಲಾಭವಾಯಿತೇ? ಆಯಿತೆಂದೇ ನನ್ನ ಅಭಿಪ್ರಾಯ. 1973ರಲ್ಲಿ ಎಣ್ಣೆಯ ಬೆಲೆ ಏರಿದಾಗ ಜಗತ್ತೆಲ್ಲ ಡಾಲರಿಗಾಗಿ ಪರದಾಡಿತು. ಫಿನ್ನರಿಗೂ ಬೆಲೆ ಏರಿತು. ಆದರೆ ಏರಿದಷ್ಟೂ ರಷ್ಯದ ಜಮೆ ಬೆಳೆದು, ಅದನ್ನು ಖರ್ಚು ಮಾಡಲು ರಷ್ಯವು ಫಿನ್ನರ ಸರಕನ್ನೇ ಹೆಚ್ಚಾಗಿ ಕೊಳ್ಳಬೇಕಾಯಿತು. ಪಶ್ಚಿಮದ ಹಡಗುಕಟ್ಟೆಗಳು ಕೆಲಸವಿಲ್ಲದೆ ಕುಳಿತಾಗ ಇಲ್ಲಿ ಸುತ್ತಿಗೆಯ ಸದ್ದು ನಿಲ್ಲಲಿಲ್ಲ. 1980ರ ದಶಕದ ಆರಂಭದಲ್ಲಿ ಆ ದೇಶದ ರಫ್ತಿನಲ್ಲಿ ನಾಲ್ಕನೆಯ ಒಂದು ಪಾಲು ರಷ್ಯಕ್ಕೇ ಹೋಗುತ್ತಿದ್ದಿತು.

ಆದರೆ 1986ರಲ್ಲಿ ಎಣ್ಣೆ ಅಗ್ಗವಾಗಲು ತಕ್ಕಡಿ ತಿರುಗಿತು. ಬಾಕಿ ಈಗ ಫಿನ್ನರ ಕಡೆ ಬೆಳೆಯಿತು. ಬಲಿಷ್ಠ ಸಾಹುಕಾರನ ಮೇಲಿನ ಬಾಕಿ ಹೇಗೆ ವಸೂಲಾಗುವುದೆಂಬುದು ಅಡತಿ ಅಂಗಡಿಯವರಿಗೆ ಗೊತ್ತಿದ್ದ ಸಂಗತಿ! 1990ರ ಕೊನೆಗೆ ಏರ್ಪಾಡೇ ಮುಗಿಯಿತು. ಮರುವರ್ಷ ರಷ್ಯದ ಕಡೆಯ ರಫ್ತು ಮೂರನೆಯ ಒಂದು ಪಾಲಿನ ಸುಮಾರಿಗೆ ಇಳಿಯಿತು. ಆ ವರ್ಷ ಫಿನ್ಲೆಂಡಿನ ಒಟ್ಟು ಉತ್ಪತ್ತಿ ನೂರಕ್ಕೆ ಸುಮಾರು ಆರರಷ್ಟು ಕುಗ್ಗಿತು. ಬ್ಯಾಂಕುಗಳ ವಿಪರೀತ ಸಾಲವೂ ಇದಕ್ಕೆ ಕಾರಣವಾಗಿದ್ದಿತು. ಎಲ್ಲವನ್ನೂ ರೂಬಲ್ಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ನಿಜವಾದ ಪೆಟ್ಟು ಬಿದ್ದುದು, ಒಬ್ಬನೇ ಗಿರಾಕಿಯ ರುಚಿಗೆ ತಕ್ಕಂತೆ ಬಟ್ಟೆ, ಪಾದರಕ್ಷೆ ಮಾಡುತ್ತಿದ್ದ ಊರುಗಳಿಗೆ.

ಇದು ದೂರದ ಕಥೆಯೆಂದು ಎಣಿಸಬೇಡಿರಿ. ಭಾರತವು 1953ರಲ್ಲಿ ರಷ್ಯದೊಡನೆ ಕರಾರು ಮಾಡಿಕೊಂಡು, ಮುಂದೆ ರೂಪಾಯಿಯಲ್ಲಿಯೇ ಲೆಕ್ಕ ತೀರಿಸುತ್ತಿದ್ದಿತು. ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿಗೆ ರಷ್ಯವು ದೊಡ್ಡ ಗಿರಾಕಿ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದಲ್ಲಿ ರಷ್ಯ ಸೇರಿರಲಿಲ್ಲವಾದುದರಿಂದ ಅಲ್ಲಿಗೆ ಕಳುಹಿದ್ದು ನಮ್ಮ ಪಾಲಿನ ಮಿತಿಯೊಳಗೆ ಎಣಿಕೆಯಾಗುತ್ತಿರಲಿಲ್ಲ. ಇದು ಸಣ್ಣ ಅನುಕೂಲವಲ್ಲ. ಆದರೆ ಬೆಳೆಗಾರನು ಕಾಫಿಯನ್ನು ಕಾಫಿ ಮಂಡಲಿಗೆ ಒಪ್ಪಿಸಿ, ಕಂತುಕಂತಾಗಿ ಹಣ ಪಡೆಯುತ್ತಿದ್ದನೇ ಹೊರತು, ಕುಡಿಯುವವನಾರೆಂದು ಕಾಣುತ್ತಿರಲಿಲ್ಲ. 1991ರಲ್ಲಿ ರಷ್ಯದ ಒಕ್ಕೂಟ ಒಡೆದಾಗ ಆ ಗಿರಾಕಿ ಬಾಗಿಲು ಮುಚ್ಚಿದನು. ಬೆಳೆಗಾರರು ಮಾರುವ ಹಕ್ಕು ಬೇಡಿದರು. ಹಂತಹಂತವಾಗಿ ದೊರೆತ ಆ ಹಕ್ಕು 1996ರಲ್ಲಿ ಪೂರ್ತಿಯಾಯಿತು. ಅಷ್ಟರಲ್ಲಿ, 1994ರಲ್ಲಿ ಬ್ರೆಜಿಲಿನ ತೋಟಗಳಿಗೆ ಹಿಮ ಬಿದ್ದು ಬೆಲೆ ಏರಿದುದರಿಂದ ನಮ್ಮವರು ಬದುಕಿಕೊಂಡರು. ಫಿನ್ನರ ಪಾದರಕ್ಷೆಯವರಿಗೆ ಅಂತಹ ಹಿಮ ಬೀಳಲಿಲ್ಲ.