ಒಮ್ಮೆ ಮಾತ್ರ ಕೊಯ್ಯುವ ಬೆಳೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ. ಓದಲು ಬೇಕೆಂದು ಕೇಳಿದ ಶ್ರೋತೃಗಳಿಗಾಗಿ ಇಲ್ಲಿ ಅಚ್ಚು ಮಾಡಿದ್ದೇವೆ.)



ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಊರಿನಿಂದ ಫೋನ್ ಬಂತು. ಮಾತಾಡಿದವನು ಚಿಕ್ಕಪ್ಪನ ಮಗ. ಕ್ಷೇಮಸಮಾಚಾರ ಮುಗಿಯುವ ಮೊದಲೇ ಕೇಳಿದ: "ಅಣ್ಣಾ, ಅದಿರಿನ ರೇಟು ಹೆಂಗೈತಿ? ಮುಂದ ಏರತೈತೇನು? ಒಂದು ಟಿಪ್ಪರ್ ತಗೊಳ್ಳೋಣ ಅಂತ ಮಾಡೀನಿ."

ನಾನು ಸಂಡೂರು ಸೀಮೆಯವನು. ಮುಂಬಯಿಯಲ್ಲಿ ಲೋಹದ ವ್ಯಾಪಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ನಿವೃತ್ತನಾದವನು. ಹಾಗಾಗಿ ಊರಿನವರ ಕಣ್ಣಿಗೆ ನಾನು ಕಬ್ಬಿಣ, ತಾಮ್ರ, ಚಿನ್ನ ಎಲ್ಲದರ ಜ್ಯೋತಿಷಿ. ಆದರೆ ಅವನಿಗೆ ಥಟ್ಟನೆ ಉತ್ತರ ಕೊಡಲು ನಾಲಿಗೆ ಏಳಲಿಲ್ಲ. "ಎರಡು ವಾರ ತಡಿಯೋ, ಯೋಚಿಸಿ ಹೇಳ್ತೀನಿ" ಎಂದೆ. ಏಕೆಂದರೆ ಇದೇ ಪ್ರಶ್ನೆಯನ್ನು 2006ರಲ್ಲಿ ಅವನ ತಂದೆ, ಅಂದರೆ ನಮ್ಮ ಚಿಕ್ಕಪ್ಪ, ಇದೇ ಮನೆಯಿಂದ ಕೇಳಿದ್ದರು. ಆಗ ನಾನು ಹಿಂದುಮುಂದು ನೋಡದೆ "ಏರುತ್ತೆ ಚಿಕ್ಕಪ್ಪ" ಎಂದಿದ್ದೆ. ನನ್ನ ಮಾತು ಸುಳ್ಳಾಗಲಿಲ್ಲ. ರೇಟು ಏರಿತು. ಆದರೂ ಮನೆ ಮುಳುಗಿತು. ಅದು ಹೇಗೆಂಬುದೇ ಇವತ್ತಿನ ನನ್ನ ಮಾತು.

ಮೊದಲು ರೇಟಿನ ವಿಷಯ. ಸಂಡೂರಿನ ಗುಡ್ಡದ ಅದಿರಿಗೆ ಬೆಲೆ ಕಟ್ಟುವವರು ಸಂಡೂರಿನಲ್ಲಿಲ್ಲ. 2000ನೇ ಇಸವಿಯಲ್ಲಿ ಚೀನಾ ವರ್ಷಕ್ಕೆ ಸುಮಾರು 13 ಕೋಟಿ ಟನ್ ಉಕ್ಕು ಮಾಡುತ್ತಿತ್ತು. 2020ರ ಹೊತ್ತಿಗೆ ಅದು 100 ಕೋಟಿ ಟನ್ ದಾಟಿತು, ಅಂದರೆ ಇಡೀ ಜಗತ್ತಿನ ಉಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು. ಅಲ್ಲಿ ಹಸಿವಾದಾಗಲೆಲ್ಲ ಇಲ್ಲಿ ಗುಡ್ಡ ಕರಗಿತು. ಶತಮಾನದ ಆರಂಭದಲ್ಲಿ ಟನ್ನಿಗೆ 30 ಡಾಲರಿನ ಆಸುಪಾಸಿನಲ್ಲಿದ್ದ ಅದಿರು 2011ರ ಫೆಬ್ರವರಿಯಲ್ಲಿ 190 ಡಾಲರ್ ಮುಟ್ಟಿತು. 2015ರ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ ಬಿತ್ತು. 2021ರ ಮೇ ತಿಂಗಳಲ್ಲಿ ಮತ್ತೆ 200 ದಾಟಿತು. ಅದೇ ವರ್ಷ ಚೀನಾದಲ್ಲಿ ಮನೆ ಕಟ್ಟುವ ಉದ್ಯಮ ಕುಸಿದು ಪುನಃ ಇಳಿಯಿತು. ಈಗ ಆಫ್ರಿಕಾದ ಗಿನಿ ದೇಶದಲ್ಲಿ ಸಿಮಾಂಡು ಎಂಬ ಭಾರಿ ಗಣಿ 2025ರ ನವೆಂಬರಿನಲ್ಲಿ ಉದ್ಘಾಟನೆಯಾಗಿದೆ. ಅಲ್ಲಿನ ಉತ್ತಮ ದರ್ಜೆಯ ಅದಿರು ಹಡಗು ಹತ್ತಿದಷ್ಟೂ ಉಳಿದವರ ಬೆಲೆಯ ಮೇಲೆ ಒತ್ತಡ. ಇತ್ತ ನಮ್ಮ ದೇಶವೇ 2018ರಿಂದ ಜಗತ್ತಿನ ಎರಡನೇ ದೊಡ್ಡ ಉಕ್ಕು ತಯಾರಕ. ಆದ್ದರಿಂದ ಬೇಡಿಕೆ ಸಾಯುವುದಿಲ್ಲ. ಬೆಲೆ ಮಾತ್ರ ಉಯ್ಯಾಲೆ.

ಈ ಉಯ್ಯಾಲೆಯ ಎತ್ತರದಲ್ಲಿ ನಮ್ಮೂರಿನಲ್ಲಿ ಏನಾಯಿತು ಕೇಳಿ.

ಬಳ್ಳಾರಿ, ಹೊಸಪೇಟೆ, ಸಂಡೂರು ಸುತ್ತಿನ ಅದಿರಿನಲ್ಲಿ ಕಬ್ಬಿಣದ ಅಂಶ ಶೇಕಡ 60ಕ್ಕೂ ಮೇಲೆ. ಗಣಿಯೊಳಗೆ ಮಾತ್ರವಲ್ಲ, ಗುಡ್ಡದ ಬುಡದ ಹೊಲಗಳಲ್ಲೂ ಮೇಲುಮಣ್ಣಿನ ಕೆಳಗೇ ಅದಿರಿನ ಹರಳು ಸಿಗುತ್ತಿತ್ತು. ಗುತ್ತಿಗೆದಾರರು ಬಂದು "ಹೊಲ ಅಗೆಯಲು ಬಿಡಿ, ಇಷ್ಟು ಕೊಡುತ್ತೇವೆ" ಎಂದರು. ಚಿಕ್ಕಪ್ಪನಿಗಿದ್ದದ್ದು ಆರು ಎಕರೆ. ಮೂರು ಎಕರೆ ಬಿಟ್ಟುಕೊಟ್ಟರು. ಹತ್ತು ವರ್ಷ ಶೇಂಗಾ, ಜೋಳ ಬೆಳೆದರೂ ಕಾಣದ ದುಡ್ಡು ಒಂದೇ ಬೇಸಿಗೆಯಲ್ಲಿ ಬಂತು. ಆ ದುಡ್ಡಿಗೆ ಸಾಲ ಸೇರಿಸಿ ಲಾರಿ ತಂದರು. ಅಂಥ ಲಾರಿಗಳು ಎಷ್ಟು ಎಂದರೆ, ಸಂಡೂರಿನಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಹಗಲು ರಾತ್ರಿ ಸಾಲು ಕಡಿಯುತ್ತಿರಲಿಲ್ಲ. ರಸ್ತೆಬದಿಯ ಮರದ ಎಲೆ ಕೆಂಪು, ಮನೆಯ ಗೋಡೆ ಕೆಂಪು, ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪು. ನಮ್ಮ ಚಿಕ್ಕಮ್ಮ ದಿನಕ್ಕೆ ಮೂರು ಸಲ ಅಂಗಳ ತೊಳೆಯುತ್ತಿದ್ದರು.

ಆ ದಿನಗಳಲ್ಲಿ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಯಧನ ಎಷ್ಟು ಗೊತ್ತೆ? ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ 27 ರೂಪಾಯಿ. ಅದೇ ಅದಿರು ಬಂದರಿನಲ್ಲಿ ಸಾವಿರಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತಿತ್ತು. 2009ರ ಆಗಸ್ಟಿನಲ್ಲಿ ಅದನ್ನು ಬೆಲೆಯ ಶೇಕಡ 10ಕ್ಕೆ, 2014ರಲ್ಲಿ ಶೇಕಡ 15ಕ್ಕೆ ಬದಲಿಸಿದರು. ಅಷ್ಟರಲ್ಲಿ ಹುಲುಸಾದ ವರ್ಷಗಳು ಕಳೆದುಹೋಗಿದ್ದವು.

ಮುಂದಿನದು ನಿಮಗೆ ಪತ್ರಿಕೆಗಳಿಂದ ಗೊತ್ತಿರುವ ಕಥೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಎರಡನೇ ವರದಿ ಲೆಕ್ಕ ಹಾಕಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2011ರ ಜುಲೈ 29ರಂದು ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ. 2013ರ ಏಪ್ರಿಲ್ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಹೆಚ್ಚು ಅಕ್ರಮ ಕಂಡ 51 ಸಿ ದರ್ಜೆಯ ಗುತ್ತಿಗೆಗಳನ್ನು ರದ್ದು ಮಾಡಲಾಯಿತು. ವರ್ಷಕ್ಕೆ ಇಷ್ಟೇ ಅಗೆಯಬೇಕೆಂಬ ಮಿತಿ ಬಂತು. ಅಗೆದ ನೆಲವನ್ನು ಸರಿಪಡಿಸುವ ಯೋಜನೆ ಕೊಟ್ಟವರಿಗೆ ಮಾತ್ರ ಮತ್ತೆ ಅನುಮತಿ.

ತೀರ್ಪು ನ್ಯಾಯವಾದದ್ದೇ. ನಾನು ಅದನ್ನು ದೂರುವುದಿಲ್ಲ. ಆದರೆ ಚಿಕ್ಕಪ್ಪನ ಲಾರಿ ಬೇವಿನ ಮರದ ಕೆಳಗೆ ನಿಂತಿತು. ಕಂತು ನಿಲ್ಲಲಿಲ್ಲ. ಆರು ತಿಂಗಳಾದ ಮೇಲೆ ಸಾಲ ಕೊಟ್ಟವರು ಬಂದು ಲಾರಿ ಹೊಡೆದುಕೊಂಡು ಹೋದರು. ಸರಿ, ಹೊಲಕ್ಕೆ ಮರಳೋಣವೆಂದರೆ ಮೂರು ಎಕರೆಯಲ್ಲಿ ಮೇಲುಮಣ್ಣೇ ಇಲ್ಲ, ಗುಂಡಿಗಳು. ಶೇಂಗಾ ಬಿತ್ತಿದರೆ ಬೀಜದಷ್ಟೂ ಹುಟ್ಟಲಿಲ್ಲ. ಚಿಕ್ಕಪ್ಪ ಒಮ್ಮೆ ನನ್ನೆದುರು ಹೇಳಿದರು: "ಮಾರಿದ್ರ ಹೊಲ ಹೋತು ಅಂತ ಅನ್ನಬಹುದಿತ್ತಪ್ಪ. ಪಹಣ್ಯಾಗ ನನ್ನ ಹೆಸರೈತಿ. ಹೊಲ ಇಲ್ಲ."

ಲೆಕ್ಕ ಬರೆದವನಾಗಿ ನನಗೆ ಆವತ್ತು ಹೊಳೆದದ್ದು ಇಷ್ಟು. ಜೋಳ ಪ್ರತಿವರ್ಷ ಬರುವ ಬಡ್ಡಿ. ಅದಿರು ಅಸಲು. ಒಮ್ಮೆ ಮಾತ್ರ ಕೊಯ್ಯುವ ಬೆಳೆ. ಅಸಲನ್ನು ಆದಾಯವೆಂದು ಬರೆದುಕೊಂಡರೆ ಎಂಥ ದೊಡ್ಡ ಮನೆಯೂ ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಆದದ್ದು ಅದೇ. ರಾಜ್ಯದಲ್ಲಿ ಆದದ್ದೂ ಅದೇ.

ಇದು ಬಳ್ಳಾರಿಗೆ ಮಾತ್ರ ಬಂದ ಗ್ರಹಚಾರವೇ? ಅಲ್ಲ. ಕೋಲಾರದ ಚಿನ್ನದ ಗಣಿಯನ್ನು ನೆನಪಿಸಿಕೊಳ್ಳಿ. ಮದರಾಸಿನ ಕೇಳುಗರಲ್ಲಿ ಆ ಊರಿನ ನಂಟು ಇರುವವರು ಹಲವರಿದ್ದೀರಿ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರುಮಾಡಿತು. ಆ ಗಣಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರಕ್ಕೆ ವಿದ್ಯುತ್ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ ಕೋಲಾರದ ಗಣಿಗೆ ಕರೆಂಟು ಬಂದಿತ್ತು. ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿಯಿತು. ನೂರಿಪ್ಪತ್ತು ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಆಳಕ್ಕಿಳಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನದ ಪಾಲು ಇಳಿಯಿತು. 2001ರ ಫೆಬ್ರವರಿ 28ರಂದು ಬೀಗ ಬಿತ್ತು.

ಆ ದಿನಗಳಲ್ಲಿ ಚಿನ್ನ ಔನ್ಸಿಗೆ 270 ಡಾಲರಿನ ಆಸುಪಾಸು. ಹತ್ತು ವರ್ಷದಲ್ಲಿ 1,900 ಮುಟ್ಟಿತು. 2025ರ ಅಕ್ಟೋಬರಿನಲ್ಲಿ 4,000 ದಾಟಿತು. ಗಣಿ ಮುಚ್ಚಿದ್ದು ಬೆಲೆ ಪಾತಾಳದಲ್ಲಿದ್ದಾಗ. ಅಲ್ಲಿ ಉಳಿದದ್ದೇನು? ಸಯನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದು ಬಿಸಾಡಿದ ಪುಡಿ, ಸುಮಾರು 3.3 ಕೋಟಿ ಟನ್. ಗಾಳಿ ಎದ್ದರೆ ಅದರ ದೂಳು ಮನೆಯೊಳಗೆ. ಮತ್ತು ಬೆಳಗಿನ ಜಾವ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ರೈಲು. ಗಣಿಗೆ ಇಳಿಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಇವತ್ತೂ ಆ ರೈಲಿನಲ್ಲಿ ಕೂಲಿಗೆ, ನೌಕರಿಗೆ ಹೋಗಿ ರಾತ್ರಿ ಮರಳುತ್ತಾರೆ. 2024ರಲ್ಲಿ ಆ ದಿಬ್ಬಗಳನ್ನೇ ಹರಾಜು ಹಾಕಿ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಆಗುವುದಾದರೆ ಆಗಲಿ. ಆದರೆ ಈ ಸಲ ಊರಿಗೇನು ಉಳಿಯುತ್ತದೆ ಎಂದು ಕೇಳುವ ಹಕ್ಕು ಊರಿನವರಿಗಿದೆ.

ಕುದುರೆಮುಖದ್ದು ಇನ್ನೊಂದು ಬಗೆ. ಇರಾನಿನ ಷಾ ಸಾಲ ಕೊಡುವ ಒಪ್ಪಂದದ ಮೇಲೆ 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಹೋದರು. ಗಣಿ ಮಾತ್ರ ನಡೆಯಿತು. ಘಟ್ಟದ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಭದ್ರೆಯ ಮೂಲದಲ್ಲಿ, ಮಳೆಕಾಡಿನ ನಡುವೆ ಈ ಕೆಲಸ ಸಲ್ಲದೆಂದು ಸುಪ್ರೀಂ ಕೋರ್ಟು ಹೇಳಿ, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಒಂದು ಟೌನ್‌ಶಿಪ್ಪೇ ಖಾಲಿಯಾಯಿತು. ಕೋಲಾರ ಮುಚ್ಚಿದ್ದು ನಷ್ಟದಿಂದ, ಕುದುರೆಮುಖ ಕಾಡಿಗಾಗಿ, ಬಳ್ಳಾರಿ ನಿಂತದ್ದು ಅತಿಯಾಸೆಯಿಂದ. ಕಾರಣ ಮೂರು. ಆದರೆ ಮೂರೂ ಕಡೆ ಕೆಲಸದವನಿಗೆ ಬಾಗಿಲು ಮುಚ್ಚುವ ದಿನ ಮೊದಲೇ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದರೂ ಅದಕ್ಕೆಂದು ಯಾರೂ ದುಡ್ಡು ತೆಗೆದಿಟ್ಟಿರಲಿಲ್ಲ.

ಈಚೆಗೆ ಕಾನೂನು ಸ್ವಲ್ಪ ಕಣ್ಣು ಬಿಟ್ಟಿದೆ. 2003ರಿಂದ ಗಣಿ ಶುರುಮಾಡುವವರು ಮುಚ್ಚುವ ಯೋಜನೆಯನ್ನೂ ಕೊಡಬೇಕು, ಅದಕ್ಕೆ ಭದ್ರತೆಯ ಹಣವನ್ನೂ ಇಡಬೇಕು. 2015ರ ತಿದ್ದುಪಡಿಯಿಂದ ಗುತ್ತಿಗೆಗಳು ಹರಾಜಿನಲ್ಲಿ ಹೋಗುತ್ತವೆ. ಗಣಿ ಇರುವ ಪ್ರತಿ ಜಿಲ್ಲೆಯಲ್ಲಿ ಖನಿಜ ಪ್ರತಿಷ್ಠಾನ ಬಂದಿದೆ. ಹಳೆಯ ಗುತ್ತಿಗೆಯಾದರೆ ರಾಯಧನದ ಶೇಕಡ 30ರಷ್ಟು, ಹರಾಜಿನದಾದರೆ ಶೇಕಡ 10ರಷ್ಟು ಹೆಚ್ಚುವರಿ ಹಣ ಅಲ್ಲಿಗೆ ಸಲ್ಲಬೇಕು. ಅದು ಗಣಿಯಿಂದ ತೊಂದರೆಗೊಳಗಾದ ಊರುಗಳ ಹಣ. ಬೇರೆ ಯಾವುದೋ ಪಟ್ಟಣದ ಕಟ್ಟಡಕ್ಕೆ ಹೋಗದಂತೆ ನೋಡಿಕೊಳ್ಳಬೇಕಾದವರು ಆ ಊರಿನವರೇ.

ಈಗ ಹೊಸ ಗಾಳಿ ಬೀಸಿದೆ. ಬ್ಯಾಟರಿ ಕಾರು, ಸೌರ ಫಲಕ, ಗಾಳಿಯಂತ್ರಗಳ ಕಾಲ. ಲಿಥಿಯಂ, ತಾಮ್ರ, ನಿಕಲ್, ಅಪರೂಪದ ಖನಿಜಗಳ ಹೆಸರು ಬಾಯಿಂದ ಬಾಯಿಗೆ ಹಾರುತ್ತಿದೆ. 2023ರಲ್ಲಿ ಕೇಂದ್ರ ಸರ್ಕಾರ 30 ಖನಿಜಗಳನ್ನು ನಿರ್ಣಾಯಕವೆಂದು ಪಟ್ಟಿ ಮಾಡಿತು. ಮಂಡ್ಯ ಜಿಲ್ಲೆಯ ಮಾರ್ಲಗಲ್ಲಾದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜೂ ಬಂದಿದೆ. ಹಾಗೆಂದು ಕಲ್ಲಿದ್ದಲು ಮನೆಗೆ ಹೋಗಿಲ್ಲ. 2024-25ರಲ್ಲಿ ನಮ್ಮ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಸಲ 100 ಕೋಟಿ ಟನ್ ದಾಟಿತು. ಹಳೆಯದು ನಿಂತಿಲ್ಲ, ಹೊಸದು ಸೇರಿಕೊಂಡಿದೆ. ಅಗೆಯುವ ಕೆಲಸ ಮಾತ್ರ ಹೆಚ್ಚುತ್ತಲೇ ಇದೆ.

ಆದರೆ ಪಾವಗಡದಲ್ಲಿ ಬೇರೆ ಥರದ ಲೆಕ್ಕವೊಂದು ನಡೆದಿದೆ. ಅಲ್ಲಿ 2,050 ಮೆಗಾವಾಟಿನ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾಯಿತು. ರೈತರಿಂದ ಭೂಮಿಯನ್ನು ಕೊಳ್ಳಲಿಲ್ಲ. 28 ವರ್ಷಕ್ಕೆ ಗುತ್ತಿಗೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಅಲ್ಲೂ ದೂರುಗಳಿವೆ. ಭೂಮಿಯಿಲ್ಲದ ಕೂಲಿಯವನಿಗೆ ಹೊಲದ ಕೆಲಸ ಹೋಯಿತು, ಗುತ್ತಿಗೆ ಹಣ ಸಿಗಲಿಲ್ಲ. ಆದರೂ ಭೂಮಿಯ ಅಸಲು ಒಡೆಯನ ಬಳಿ ಉಳಿಯಿತು, ಮುಗಿಯುವ ದಿನವನ್ನು ಮೊದಲೇ ಕಾಗದದಲ್ಲಿ ಬರೆದರು. ಗಣಿಯ ಹೊಲಕ್ಕೆ ಈ ಎರಡು ಭಾಗ್ಯ ಇರಲಿಲ್ಲ.

ಈಗ ತಮ್ಮನ ಟಿಪ್ಪರಿಗೆ ಬರುತ್ತೇನೆ. 2022ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಅದಿರಿನ ರಫ್ತಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ಬಳ್ಳಾರಿಯ ವಾರ್ಷಿಕ ಮಿತಿಯನ್ನು 3.5 ಕೋಟಿ ಟನ್ನಿಗೆ ಏರಿಸಿತು. ಆದ್ದರಿಂದ ರಸ್ತೆಯಲ್ಲಿ ಮತ್ತೆ ಚಟುವಟಿಕೆ ಇದೆ, ಅವನ ಆಸೆ ಹುಸಿಯಲ್ಲ. ಕಳೆದ ವಾರ ಫೋನ್ ಮಾಡಿದೆ. ರೇಟಿನ ಭವಿಷ್ಯ ಹೇಳಲಿಲ್ಲ. ಮೂರು ಪ್ರಶ್ನೆ ಕೇಳಿದೆ. ಬಾಡಿಗೆಗೆ ಕರೆಯುವ ಗಣಿಯ ಗುತ್ತಿಗೆ ಎಂದು ಮುಗಿಯುತ್ತದೆ, ನಿನ್ನ ಕಂತು ಎಂದು ಮುಗಿಯುತ್ತದೆ? ಆರು ತಿಂಗಳು ಗಾಡಿ ನಿಂತರೆ ಕಂತು ಕಟ್ಟುವ ದುಡ್ಡು ಕೈಯಲ್ಲಿದೆಯೇ? ಉಳಿದ ಮೂರು ಎಕರೆಯನ್ನು ಅಡವಿಡದೆ ಇದನ್ನು ಮಾಡಬಲ್ಲೆಯಾ?

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನೇ ಹೇಳಿದ: "ಮೂರನೇದು ಆಗಂಗಿಲ್ಲ ಅಣ್ಣಾ. ಹೊಲ ಇಟ್ರೇನೇ ಸಾಲ." "ಹಾಗಾದ್ರೆ ಚಿಕ್ಕಪ್ಪನ್ನ ಒಂದ್ಮಾತು ಕೇಳಿ ಮಾಡು" ಎಂದೆ. ಚಿಕ್ಕಪ್ಪ ಪಕ್ಕದಲ್ಲೇ ಇದ್ದರಂತೆ. ಫೋನು ತೆಗೆದುಕೊಳ್ಳಲಿಲ್ಲ. ದೂರದಿಂದಲೇ ಕೂಗಿದ್ದು ನನಗೂ ಕೇಳಿಸಿತು: "ಮೊದಲ ಆ ಗುಂಡಿ ತುಂಬಸು ಅಂತ ಹೇಳು ಅವಂಗ. ಕೆರಿ ಹೂಳು ಹೊಡಸಿದ್ರ ಇನ್ನೂ ಶೇಂಗಾ ಬರತೈತಿ."

ಈ ಮುಂಗಾರಿಗೆ ಮೊದಲು ಒಂದು ಎಕರೆಗೆ ಕೆರೆ ಮಣ್ಣು ಹೊಡೆಸುವುದೆಂದು ತೀರ್ಮಾನವಾಗಿದೆ. ಖರ್ಚಿನಲ್ಲಿ ನನ್ನದೂ ಪಾಲು. 2006ರಲ್ಲಿ ನಾನು ಹೇಳಿದ ಒಂದು ಮಾತಿನ ಬಾಕಿ ಅದು.