ಬಾಗಿಲಿನೊಳಗಿನ ದನಿ

(ಮಳೆಗಾಲದ ಮುನ್ನ ನಡೆದ ಸಭೆಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕಾಡು, ಹೊಳೆ, ಗಣಿಗಳ ವಿಚಾರ ಮಾತನಾಡುವ ಈ ವೇದಿಕೆಯಲ್ಲಿ ಹಳೆಯ ವಾಹನದ ಬಾಗಿಲಿಗೆ ಸ್ಪೀಕರ್ ಹಾಕುವ ವಿಷಯ ಇಟ್ಟುಕೊಂಡಿದ್ದೇನೆಂದು ತಿಳಿದು ಕೆಲವರು ನಕ್ಕರಂತೆ. ನಗುವುದಕ್ಕೆ ಅಡ್ಡಿಯಿಲ್ಲ. ಆದರೆ 2019ರ ಆಗಸ್ಟ್ ತಿಂಗಳ ಎರಡನೆಯ ವಾರವನ್ನು ಮರೆತವರು ಈ ಸಭೆಯಲ್ಲಿ ಇರಲಾರರು. ಮೂಡಿಗೆರೆ ಸೀಮೆಯ ಗುಡ್ಡಗಳು ಜಾರಿದವು. ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದು ಸಂಚಾರ ನಿಂತಿತು. ನಮ್ಮ ಊರಿನಲ್ಲಿ ಮೊದಲು ವಿದ್ಯುತ್ ಹೋಯಿತು. ಮರುದಿನ ಮೊಬೈಲ್ ಗೋಪುರವೂ ಸತ್ತಿತು. ಹೊರಗಿನ ಸುದ್ದಿ ತರಬಲ್ಲದ್ದೆಂದು ಉಳಿದದ್ದು ನನ್ನ ಅಂಗಳದಲ್ಲಿ ನಿಂತಿದ್ದ ಹಳೆಯ ಜೀಪಿನ ರೇಡಿಯೊ ಒಂದೇ.

ಪ್ರದೇಶ ಸಮಾಚಾರದ ಹೊತ್ತಿಗೆ ಏಳೆಂಟು ಜನ ಕೊಡೆ ಹಿಡಿದು ಜೀಪನ್ನು ಸುತ್ತುವರಿದರು. ಬಲಬಾಗಿಲು ಪೂರ್ತಿ ಮೂಕವಾಗಿತ್ತು. ಎಡಬಾಗಿಲಿನಿಂದ ಹರಿದ ತಮಟೆಯಂಥ ಸದ್ದು ಬಂತು. ರಸ್ತೆಯೊಂದು ಮುಚ್ಚಿದೆಯೆಂಬುದು ತಿಳಿಯಿತು. ಯಾವ ರಸ್ತೆಯೆಂಬುದು ತಿಳಿಯಲಿಲ್ಲ. ಹೆರಿಗೆಗೆ ದಿನ ತುಂಬಿದ್ದ ಮಗಳನ್ನು ಘಟ್ಟದ ಕೆಳಗೆ ಕರೆದೊಯ್ಯಬೇಕಾಗಿದ್ದ ನೆರೆಮನೆಯವರು ನನ್ನ ಮುಖವನ್ನೇ ನೋಡಿದರು. ಅವರು ಅಂದಾಜಿನ ಮೇಲೆ ಹೊರಟು, ಅರ್ಧ ದಾರಿಯಿಂದ ಹಿಂದಿರುಗಿ, ಸುತ್ತು ಬಳಸಿ ಬೇರೆ ಊರು ಸೇರಿಕೊಂಡರು. ತಾಯಿ ಮಗು ಕ್ಷೇಮ. ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಆದರೂ ಆ ಮಳೆಯಲ್ಲಿ ತುಂಬು ಗರ್ಭಿಣಿ ವ್ಯರ್ಥವಾಗಿ ಸವೆಸಿದ ಅರ್ಧ ದಾರಿ ನನ್ನ ಲೆಕ್ಕದಲ್ಲಿದೆ. ರೇಡಿಯೊ ಕೆಟ್ಟಿರಲಿಲ್ಲ. ಬಾಗಿಲುಗಳು ಕೆಟ್ಟಿದ್ದವು, ಮತ್ತು ಅವು ಕೆಟ್ಟದ್ದು ನನಗೆ ಎರಡು ವರ್ಷಗಳಿಂದ ಗೊತ್ತಿತ್ತು.

ಮಳೆ ನಿಂತ ಮೇಲೆ ಪೇಟೆಯ ಅಂಗಡಿಯೊಂದಕ್ಕೆ ಹೋದೆ. ರೇಡಿಯೊ ಬದಲಿಸಿ, ನಾಲ್ಕು ಸ್ಪೀಕರ್, ಜೊತೆಗೊಂದು ಆಂಪ್ಲಿಫೈಯರ್ ಹಾಕಿಸಿ ಎಂದರು. ನನ್ನಲ್ಲಿ ಅಷ್ಟು ಹಣವಿರಲಿಲ್ಲ; ಅದು ಒಳ್ಳೆಯದೇ ಆಯಿತು. ಯಕ್ಷಗಾನದ ಆಟಗಳಿಗೆ ಮೈಕ್ ಸೆಟ್ ಹಾಕಿ ಜೀವನ ಸಾಗಿಸಿದ ಹಿರಿಯರೊಬ್ಬರ ಬಳಿಗೆ ಜೀಪನ್ನು ಒಯ್ದೆ. ಅವರು ಮೊದಲು ಕೇಳಿದ ಪ್ರಶ್ನೆ ಇದು: “ಸ್ಪೀಕರ್ ಸತ್ತಿದೆಯೋ, ತಂತಿ ಸತ್ತಿದೆಯೋ?” ಅಂಗಡಿಯಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಸ್ಪೀಕರ್ ಎಂಬುದು ಬಹಳ ಸರಳವಾದ ಯಂತ್ರ. ಹಿಂದೆ ಒಂದು ಅಯಸ್ಕಾಂತ. ಅದರ ನಡುವಿನ ಕಿರಿದಾದ ಸಂದಿಯಲ್ಲಿ ತೆಳುವಾದ ತಂತಿಯ ಸುರುಳಿ. ಆ ಸುರುಳಿಗೆ ಅಂಟಿಸಿದ ಕಾಗದದ ಶಂಕು. ರೇಡಿಯೊದಿಂದ ಬರುವ ವಿದ್ಯುತ್ತು ಸುರುಳಿಯಲ್ಲಿ ಹರಿದಂತೆ ಅದು ಹಿಂದೆ ಮುಂದೆ ತುಯ್ಯುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ, ನಮಗೆ ಮಾತು ಕೇಳಿಸುತ್ತದೆ. ಶಂಕುವಿನ ಹೊರ ಅಂಚನ್ನು ಚೌಕಟ್ಟಿಗೆ ಹಿಡಿದಿಡುವ ಮೆತ್ತನೆಯ ಬಳೆಯೊಂದಿದೆ. ಅನೇಕ ಹಳೆಯ ಸ್ಪೀಕರುಗಳಲ್ಲಿ ಈ ಬಳೆ ಫೋಮಿನದು. ಫೋಮಿಗೆ ತೇವವೂ ಬಿಸಿಲೂ ವೈರಿಗಳು. ಹತ್ತು ಹದಿನೈದು ವರ್ಷಗಳಲ್ಲಿ ಅದು ಬೆರಳು ತಾಗಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ. ಬಳೆ ಹೋದರೆ ಶಂಕು ಓಲಾಡುತ್ತದೆ, ಸುರುಳಿ ಸಂದಿಯ ಗೋಡೆಗೆ ಉಜ್ಜುತ್ತದೆ. ನಮ್ಮ ಎಡಬಾಗಿಲಿನ ಹರಿದ ತಮಟೆ ಇದೇ ಆಗಿತ್ತು.

ಹಿರಿಯರು ಸ್ಪೀಕರಿನ ಎರಡು ತುದಿಗಳಿಗೆ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿದರು. ಬಲಬಾಗಿಲಿನ ಮೂಕ ಸ್ಪೀಕರ್ ‘ಟಕ್’ ಎಂದಿತು! ಎರಡು ವರ್ಷ ಸತ್ತಿದೆಯೆಂದು ನಾನು ನಂಬಿದ್ದ ವಸ್ತುವದು. ಮಲ್ಟಿಮೀಟರ್ ಇಟ್ಟರೆ ಮೂರೂವರೆ ಓಮ್ ತೋರಿಸಿತು. ನಾಲ್ಕು ಓಮಿನ ಸ್ಪೀಕರಿನ ಸುರುಳಿ ಸರಿಯಿದ್ದರೆ ನಾಲ್ಕಕ್ಕಿಂತ ತುಸು ಕಡಿಮೆಯೇ ತೋರಿಸಬೇಕು. ಹಾಗಾದರೆ ದೋಷವೆಲ್ಲಿ? ಬಾಗಿಲು ಮತ್ತು ವಾಹನದ ಮೈಯ ನಡುವೆ, ತಿರುಗಣಿಯ ಬಳಿ, ರಬ್ಬರಿನ ಕೊಳವೆಯೊಂದಿದೆ. ತಂತಿಗಳೆಲ್ಲ ಅದರೊಳಗೆ ಹಾದುಹೋಗುತ್ತವೆ. ಬಾಗಿಲು ತೆರೆದಾಗಲೆಲ್ಲ ಅವು ಬಾಗುತ್ತವೆ. ವರ್ಷಗಟ್ಟಲೆ ಬಾಗಿ ಬಾಗಿ ಒಂದು ತಂತಿ ಒಳಗೆ ತುಂಡಾಗಿತ್ತು, ಮೇಲಿನ ಹೊದಿಕೆ ಮಾತ್ರ ಇಡಿಯಾಗಿತ್ತು. ಬೆಸುಗೆ ಹಾಕಿ, ಕುಗ್ಗುವ ಕೊಳವೆ ತೊಡಿಸಿದೆವು. ಬೆರಳಿನಲ್ಲಿ ಹೊಸೆದು ಟೇಪು ಸುತ್ತುವ ಪದ್ಧತಿ ನಮ್ಮ ಮಳೆಗೆ ಒಗ್ಗುವುದಿಲ್ಲ. ಆಷಾಢ ಮುಗಿಯುವುದರೊಳಗೆ ಟೇಪಿನ ಅಂಟು ಬಿಟ್ಟಿರುತ್ತದೆ.

ಇಷ್ಟಕ್ಕೆ ಹಿರಿಯರು ಬಿಡಲಿಲ್ಲ. ಎಡಬಾಗಿಲಿನ ಸ್ಪೀಕರನ್ನು ಕೈಯಲ್ಲಿ ತಿರುವಿ, ಅಯಸ್ಕಾಂತದ ಮೇಲಿನ ತುಕ್ಕು ತೋರಿಸಿ, “ಇದು ವಯಸ್ಸಿನಿಂದ ಮಾತ್ರ ಹೋದದ್ದಲ್ಲ, ನೀರು ಕುಡಿದಿದೆ. ಹೊಸದನ್ನು ಹಾಕಿದರೂ ಕುಡಿಯುತ್ತದೆ” ಎಂದರು. ಈ ಮಾತನ್ನು ನೀವು ಸ್ವಲ್ಪ ನಿಧಾನವಾಗಿ ಕೇಳಬೇಕು.

ವಾಹನದ ಬಾಗಿಲಿನೊಳಗೆ ನೀರು ಬರುವುದಿಲ್ಲವೆಂದು ನಾವು ತಿಳಿದಿದ್ದೇವೆ. ಬರುತ್ತದೆ. ಗಾಜು ಇಳಿಯುವ ಸೀಳಿನ ರಬ್ಬರು ಎಷ್ಟೇ ಬಿಗಿಯಾಗಿದ್ದರೂ ಗಾಜಿನ ಮೇಲೆ ಹರಿದ ನೀರು ಕೊಂಚ ಒಳಗಿಳಿಯುತ್ತದೆ. ಬಾಗಿಲನ್ನು ಮಾಡಿದವರು ಅದನ್ನು ಬಲ್ಲರು. ಆದ್ದರಿಂದಲೇ ಬಾಗಿಲಿನ ತಳದಲ್ಲಿ ನೀರು ಬಸಿಯುವ ರಂಧ್ರಗಳನ್ನಿಟ್ಟಿದ್ದಾರೆ. ಒಳಹಲಗೆಗೂ ಕಬ್ಬಿಣದ ತಗಡಿಗೂ ನಡುವೆ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿದ್ದಾರೆ. ಗಾಜು ಏರಿಸುವ ಯಂತ್ರ ಕೆಟ್ಟಾಗ ಮೆಕ್ಯಾನಿಕ್ ಈ ಹಾಳೆಯನ್ನು ಹರಿಯುತ್ತಾನೆ. ಮತ್ತೆ ಅಂಟಿಸುವವರು ಕಡಿಮೆ. ರಂಧ್ರಗಳಿಗೆ ಎಲೆ, ಕೆಸರು ತುಂಬಿ ನೀರು ನಿಲ್ಲುತ್ತದೆ. ಸ್ಪೀಕರಿನ ಬೆನ್ನು ಇರುವುದು ಈ ಒದ್ದೆ ಕೋಣೆಯೊಳಗೇ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಕಾಗದದ ಶಂಕುವಿನ ಗತಿ ಏನಾಗಬೇಕು, ಹೇಳಿ!

ನಾವು ಮಾಡಿದ್ದಿಷ್ಟು. ತೆಂಗಿನ ಗರಿಯ ಕಡ್ಡಿಯಿಂದ ತಳದ ರಂಧ್ರಗಳನ್ನು ಬಿಡಿಸಿದೆವು. ಎಡಬಾಗಿಲಿನಿಂದ ಒಂದು ಚೊಂಬಿನಷ್ಟು ಕಂದು ನೀರು ಇಳಿಯಿತು. ಹರಿದ ಹಾಳೆಯ ಬದಲಿಗೆ ಅಡಿಕೆ ಮುಚ್ಚುವ ದಪ್ಪ ಪ್ಲಾಸ್ಟಿಕ್ಕನ್ನು ಅಳತೆಗೆ ಕತ್ತರಿಸಿದೆವು. ಹಾಳೆಯ ಕೆಳ ಅಂಚು ತಗಡಿನ ಸೀಳಿನೊಳಕ್ಕೆ, ಅಂದರೆ ಒದ್ದೆಯ ಕಡೆಗೆ, ಮಡಚಿಕೊಂಡಿರಬೇಕು. ಹೊರಗೆ ಬಿಟ್ಟರೆ ಹಾಳೆಯ ಮೇಲೆ ಇಳಿದ ನೀರು ನೇರವಾಗಿ ನಿಮ್ಮ ಕಾಲಬುಡಕ್ಕೆ ಬರುತ್ತದೆ. ಸ್ಪೀಕರಿನ ಬೆನ್ನಿನ ಮೇಲೆ ಅರ್ಧ ಸೀಳಿದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಸೂರಿನಂತೆ ಅಂಟಿಸಿದೆವು. ಇಲ್ಲೊಂದು ಎಚ್ಚರಿಕೆ: ವಿನೆಗರಿನ ವಾಸನೆ ಬರುವ ಸಿಲಿಕೋನ್ ಅಂಟು ಬೇಡ. ಆ ಆಮ್ಲ ತಾಮ್ರವನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ವಾಸನೆಯಿಲ್ಲದ ತಟಸ್ಥ ಜಾತಿಯದು ಸಿಗುತ್ತದೆ, ಕೇಳಿ ಪಡೆಯಿರಿ.

ಇನ್ನು ಹೊಸ ಸ್ಪೀಕರಿನ ಆಯ್ಕೆ. ಬಾಗಿಲಿನ ರಂಧ್ರದ ಅಗಲವನ್ನು ಎಲ್ಲರೂ ಅಳೆಯುತ್ತಾರೆ, ಆಳವನ್ನು ಮರೆಯುತ್ತಾರೆ. ಗಾಜನ್ನು ಪೂರ್ತಿ ಇಳಿಸಿ ಅಳೆಯಬೇಕು. ಇಲ್ಲವಾದರೆ ಮೊದಲ ಸಲ ಕಿಟಕಿ ತೆರೆದಾಗಲೇ ಗಾಜು ಅಯಸ್ಕಾಂತಕ್ಕೆ ಬಡಿಯುತ್ತದೆ. ಹಳೆಯದು ನಾಲ್ಕು ಓಮ್ ಇದ್ದರೆ ಹೊಸದೂ ನಾಲ್ಕೇ ಇರಲಿ; ಅದಕ್ಕಿಂತ ಕಡಿಮೆಯದು ರೇಡಿಯೊವನ್ನು ಸುಡಬಹುದು. ವ್ಯಾಟಿನ ಅಂಕಿಗೆ ಮರುಳಾಗಬೇಡಿ. ರೇಡಿಯೊದ ಮೇಲೆ 50 ಎಂದು ಅಚ್ಚು ಹಾಕಿದ್ದರೂ ಅದು ಒಂದು ಸ್ಪೀಕರಿಗೆ ನಿರಂತರವಾಗಿ ಕೊಡಬಲ್ಲದ್ದು ಸುಮಾರು 15ರಿಂದ 20 ವ್ಯಾಟ್ ಮಾತ್ರ. ನೋಡಬೇಕಾದದ್ದು ಡೆಸಿಬೆಲಿನಲ್ಲಿ ಬರೆದ ಸಂವೇದನೆಯ ಅಂಕಿಯನ್ನು. 87ರ ಸ್ಪೀಕರಿನಿಂದ 90ರ ಸ್ಪೀಕರಿನಷ್ಟು ಸದ್ದು ಬರಬೇಕಾದರೆ ಎರಡು ಪಟ್ಟು ಶಕ್ತಿ ಬೇಕು. ಅಂಚಿನ ಬಳೆ ರಬ್ಬರಿನದಿರಲಿ. ಶಂಕು ಪಾಲಿಪ್ರೊಪಿಲೀನ್ ಆಗಿದ್ದರೆ ನಮ್ಮ ಹವೆಗೆ ಉತ್ತಮ, ನಾನು ಪ್ಲಾಸ್ಟಿಕ್ಕಿನ ಪರ ವಾದಿಸುವುದು ಅಪರೂಪವಾದರೂ.

ಕೂರಿಸುವ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಿ. ಗಾಜು ತಿರುಗಿಸುವ ಹಿಡಿಕೆಯ ಹಿಂದೆ ಅಡಗಿದ ಸ್ಪ್ರಿಂಗು, ಬಟ್ಟೆಯ ಪಟ್ಟಿಯೊಂದನ್ನು ಸಂದಿಗೆ ಸೇರಿಸಿ ಅತ್ತಿತ್ತ ಎಳೆದರೆ ಹೊರಗೆ ಹಾರುತ್ತದೆ. ಅದು ಬೀಳುವ ಜಾಗದಲ್ಲಿ ಯಾರನ್ನಾದರೂ ನಿಲ್ಲಿಸಿ, ನಾವು ಹುಲ್ಲಿನಲ್ಲಿ ಅರ್ಧ ಗಂಟೆ ಹುಡುಕಿದ್ದೇವೆ. ಒಳಹಲಗೆಯ ಪ್ಲಾಸ್ಟಿಕ್ ಗೂಟಗಳು ಚಳಿಗೆ ಮುರಿಯುತ್ತವೆ, ಬಾಗಿಲನ್ನು ಬಿಸಿಲಿಗೆ ಹಿಡಿದು ಶುರು ಮಾಡಿ. ಕಾರ್ಖಾನೆಯವರು ರಿವೆಟ್ ಹೊಡೆದಿದ್ದರೆ ಅದನ್ನು ಕೊರೆದು ತೆಗೆಯಬೇಕಾಗುತ್ತದೆ. ಆಗ ಉದುರುವ ಕಬ್ಬಿಣದ ಚೂರುಗಳನ್ನು ಹೊಸ ಸ್ಪೀಕರಿನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ. ಚೂರೊಂದು ಸಂದಿ ಸೇರಿದರೆ ಹೊಸದೂ ಕೆರೆಯತೊಡಗುತ್ತದೆ. ಕೊರೆದು, ಗುಡಿಸಿ, ಒರೆಸಿದ ಮೇಲೆಯೇ ಹೊಸದರ ಪೆಟ್ಟಿಗೆ ತೆರೆಯಿರಿ. ರಂಧ್ರ ದೊಡ್ಡದು, ಸ್ಪೀಕರ್ ಸಣ್ಣದಾದರೆ ನಡುವೆ ಒಂದು ಬಳೆ ಬೇಕು. ಸಾಮಾನ್ಯ ಪ್ಲೈವುಡ್ಡಿನದು ಮಳೆಗೆ ಉಬ್ಬುತ್ತದೆ. ನಮ್ಮ ಹುಡುಗಿಯೊಬ್ಬಳು ಅಡುಗೆಮನೆಯ ಹಳೆಯ ಪ್ಲಾಸ್ಟಿಕ್ ತರಕಾರಿ ಮಣೆಯಿಂದ ಕತ್ತರಿಸಿದ ಬಳೆ ಇನ್ನೂ ಹಾಗೆಯೇ ಇದೆ.

ಧನ ಋಣಗಳನ್ನು ಎರಡೂ ಬಾಗಿಲುಗಳಲ್ಲಿ ಒಂದೇ ರೀತಿ ಜೋಡಿಸಬೇಕು. ಒಂದು ಕಡೆ ಅದಲು ಬದಲಾದರೆ ಒಂದು ಶಂಕು ಮುಂದೆ ತಳ್ಳುವಾಗ ಮತ್ತೊಂದು ಹಿಂದೆ ಎಳೆಯುತ್ತದೆ, ಚಂಡೆಯ ಸದ್ದು ಉಳಿದು ಮದ್ದಳೆಯ ಸದ್ದು ಮಾಯವಾಗುತ್ತದೆ. ಅನುಮಾನವಿದ್ದರೆ ಅದೇ ಟಾರ್ಚ್ ಸೆಲ್ ಇದೆಯಲ್ಲ. ಸೆಲ್ಲಿನ ಧನ ತುದಿ ಸ್ಪೀಕರಿನ ಧನ ತುದಿಗೆ ತಾಗಿದಾಗ ಶಂಕು ಹೊರಕ್ಕೆ ಜಿಗಿಯಬೇಕು.

ತೆಗೆದ ಹಳೆಯ ಸ್ಪೀಕರನ್ನು ಗುಜರಿಗೆ ಎಸೆಯಬೇಕೆಂದಿಲ್ಲ. ಸುರುಳಿ ಕೆಟ್ಟಿಲ್ಲವಾದರೆ ಅಂಚಿನ ಬಳೆಯನ್ನಷ್ಟೇ ಹೊಸದಾಗಿ ಅಂಟಿಸಬಹುದು. ಮೈಕ್ ಸೆಟ್ಟಿನವರಿಗೆ ಇದು ಹಳೆಯ ವಿದ್ಯೆ. ಎಡಬಾಗಿಲಿನದಕ್ಕೆ ಆ ಭಾಗ್ಯವಿರಲಿಲ್ಲ, ಉಜ್ಜಿ ಉಜ್ಜಿ ಸುರುಳಿಯೇ ಹರಿದಿತ್ತು. ಅದರ ಅಯಸ್ಕಾಂತ ಈಗ ಮರಗೆಲಸದವರ ಕೊಟ್ಟಿಗೆಯಲ್ಲಿ ನೆಲದ ಮೊಳೆ ಹೆಕ್ಕುತ್ತಿದೆ. ತಂತಿಯ ತುಂಡುಗಳನ್ನು ತಾಮ್ರದಾಸೆಗೆ ಸುಡುವವರಿದ್ದಾರೆ. ಪಿವಿಸಿ ಹೊದಿಕೆ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆ ಹೊಗೆಯ ಪಕ್ಕದಲ್ಲಿ ಮಕ್ಕಳು ಚಳಿ ಕಾಯಿಸುವುದನ್ನು ನಾನು ಕಂಡಿದ್ದೇನೆ. ತುಂಡುಗಳನ್ನು ಸಭೆಯ ಮೂಲೆಯಲ್ಲಿಟ್ಟಿರುವ ಡಬ್ಬಕ್ಕೆ ಹಾಕಿ, ಪರವಾನಗಿಯಿರುವ ಮರುಬಳಕೆದಾರರಿಗೆ ಒಟ್ಟಾಗಿ ಕಳುಹಿಸೋಣ.

2019ರಲ್ಲಿ ಹಾಕಿದ ಎಡಬಾಗಿಲಿನ ಸ್ಪೀಕರ್ ಇಂದಿಗೂ ಸ್ಪಷ್ಟವಾಗಿ ಮಾತನಾಡುತ್ತಿದೆ. ಅಂದು ತಂತಿ ಬೆಸೆದು ಬದುಕಿಸಿದ ಬಲಬಾಗಿಲಿನದು ಕಾರ್ಖಾನೆಯಲ್ಲಿ ಕೂರಿಸಿದ್ದೇ. ಅದರ ಫೋಮಿನ ಬಳೆ ಈ ಬೇಸಿಗೆಯಲ್ಲಿ ಉದುರಿತು. ಅದನ್ನು ಮುಟ್ಟದೆ ಹಾಗೆಯೇ ತಂದಿದ್ದೇನೆ. ಜೀಪು ಹೊರಗೆ ಹಲಸಿನ ಮರದ ಕೆಳಗೆ ನಿಂತಿದೆ, ಬಾಗಿಲು ಬಿಸಿಲಿಗೆ ಕಾದಿರಬಹುದು. ಟಾರ್ಚ್ ಸೆಲ್ ನನ್ನ ಜೇಬಿನಲ್ಲಿದೆ. ಸ್ಪ್ರಿಂಗು ಹಿಡಿಯಲು ಇಬ್ಬರು ಮುಂದೆ ಬನ್ನಿ.