ಕಣ್ಣಿನ ಒತ್ತಡಕ್ಕೆ ನಡಿಗೆ ಮದ್ದಾದೀತೆ?



ಕಣ್ಣಿನೊಳಗೆ ಸದಾ ಒಂದು ದ್ರವವು ಉತ್ಪತ್ತಿಯಾಗಿ ಹೊರಗೆ ಹರಿಯುತ್ತಿರುತ್ತದೆ. ಆ ಹರಿವಿಗೆ ತಡೆಯುಂಟಾದರೆ ಒತ್ತಡ ಹೆಚ್ಚಿ ದೃಷ್ಟಿನರವು ನಶಿಸತೊಡಗುತ್ತದೆ. ಇದೇ ಗ್ಲಾಕೋಮಾ, ಮರಾಠಿಯಲ್ಲಿ ಕಾಚಬಿಂದು. ಬಹುಮಟ್ಟಿಗೆ ನೋವಿಲ್ಲದೆ ಬರುವ ಈ ರೋಗವು ಮೊದಲು ಅಂಚಿನ ನೋಟವನ್ನು ಅಪಹರಿಸುತ್ತದೆ. ಹೋದ ದೃಷ್ಟಿ ಮರಳಿ ಬಾರದು.

“ದಿನವೂ ನಡೆದರೆ ಹನಿ ಔಷಧ ಬಿಡಬಹುದೇ?” ಎಂದು ಕೇಳುವವರುಂಟು. ಸಾಮಾನ್ಯವಾಗಿ ಕಣ್ಣಿನ ಒತ್ತಡವು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಇರುತ್ತದೆ. ಬಿರುಸಾದ ನಡಿಗೆಯಿಂದ, ಸೈಕಲ್ ತುಳಿಯುವುದರಿಂದ ಅದು ಕೆಲವು ಮಿಲಿಮೀಟರ್ ಇಳಿಯುವುದು ನಿಜ. ಆದರೆ ವಿಶ್ರಮಿಸಿದ ಬಳಿಕ ಮತ್ತೆ ಏರುತ್ತದೆ. ನಿತ್ಯಾಭ್ಯಾಸದ ಲಾಭವೂ ಅಭ್ಯಾಸ ಬಿಟ್ಟ ಕೆಲವೇ ವಾರಗಳಲ್ಲಿ ಇಲ್ಲವಾಗುತ್ತದೆ. ಆದುದರಿಂದ ನಡಿಗೆಯು ಔಷಧಕ್ಕೆ ಜೊತೆಯೇ ಹೊರತು ಬದಲಿಯಲ್ಲ.

ಎಲ್ಲ ಶ್ರಮವೂ ಒಂದೇ ಬಗೆಯದಲ್ಲ. ಉಸಿರು ಬಿಗಿಹಿಡಿದು ತೊಗರಿಯ ಚೀಲ ಎತ್ತುವಾಗ ಒತ್ತಡ ಏರುತ್ತದೆ. ಶೀರ್ಷಾಸನದಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ರೋಗವುಳ್ಳವರು ಇವೆರಡನ್ನೂ ವರ್ಜಿಸಬೇಕು. ಅಪರೂಪದ ಒಂದು ಬಗೆಯ ಗ್ಲಾಕೋಮಾದಲ್ಲಿ ಓಟವೂ ಒತ್ತಡವನ್ನು ಹೆಚ್ಚಿಸಬಹುದು. ವೈದ್ಯರನ್ನು ಕೇಳಿಯೇ ಆರಂಭಿಸಿರಿ.

ವಯಸ್ಸು 40 ದಾಟಿದವರು, ತಂದೆತಾಯಿ ಅಥವಾ ಒಡಹುಟ್ಟಿದವರಲ್ಲಿ ಈ ರೋಗವಿರುವವರು ಬೀದರಿನ ಬ್ರಿಮ್ಸ್‌ನಂತಹ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸತಿಪತಿಗಳೇ, ಬಿಸಿಲೇರುವ ಮುನ್ನ ಅರ್ಧ ಗಂಟೆ ಜೊತೆಯಾಗಿ ನಡೆಯಿರಿ. ವೈದ್ಯರು ಹೇಳಿದ ಹೊತ್ತಿಗೆ ಒಬ್ಬರ ಕಣ್ಣಿಗೆ ಇನ್ನೊಬ್ಬರು ತಪ್ಪದೆ ಹನಿ ಹಾಕಿರಿ. ಉಳಿದಿರುವ ದೃಷ್ಟಿಯನ್ನು ಕಾಪಾಡಿಕೊಳ್ಳುವುದು ನಿಮ್ಮಿಬ್ಬರ ಕೈಯಲ್ಲಿದೆ.